ದಾವಣಗೆರೆಯಿಂದ ಕ್ರೂಸ್ ಪ್ರವಾಸ: ಟಿಕೆಟ್ ಮಾಡಿಸುವ ಮೊದಲು, ಹಡಗು ಹತ್ತಿದ ಮೇಲೆ

ಕ್ರೂಸ್ ಮಾತು ತೆಗೆದರೆ ನಮ್ಮ ಕಡೆ ಮೊದಲು ಕೇಳುವುದೇ ‘ಒಬ್ರಿಗೆ ಎಷ್ಟು ಬೀಳ್ತತ್ರೀ?’ ಎಂದು. ಈ ಪ್ರಶ್ನೆಗೆ ಸರಿಯಾದ ಉತ್ತರ ಬೇಕಿದ್ದರೆ ಅದಕ್ಕೂ ಮುಂಚೆ ಎರಡು ವಿಷಯ ತೀರ್ಮಾನವಾಗಬೇಕು. ಯಾವ ಬಂದರಿನಿಂದ ಹತ್ತುತ್ತೀರಿ? ಜೊತೆಗೆ ಯಾರ್‍ಯಾರು ಬರುತ್ತಾರೆ? ದಾವಣಗೆರೆ, ಚಿತ್ರದುರ್ಗದವರಿಗೆ ಯಾವ ದಿಕ್ಕಿಗೆ ಹೋದರೂ ಸಮುದ್ರ ದೂರವೇ. ಹಾಗಾಗಿ ನಮ್ಮ ಪ್ರವಾಸ ಮನೆ ಬಾಗಿಲಿಗೆ ಬೀಗ ಹಾಕಿದ ಗಳಿಗೆಯಿಂದಲೇ ಶುರು. ನೆಂಟರು, ಅಕ್ಕಪಕ್ಕದವರು ಟಿಕೆಟ್ ಮಾಡಿಸುವಾಗ ಜೊತೆಗೆ ಕೂತು ಲೆಕ್ಕ ಹಾಕಿದ್ದೇನೆ, ಹೋಗಿ ಬಂದ ಮೇಲೆ ಅವರ ಅನುಭವವನ್ನೂ ಕೇಳಿದ್ದೇನೆ. ಬೇಜಾರು ಮಾಡಿಕೊಂಡು ಬಂದವರಲ್ಲಿ ಸಮುದ್ರವನ್ನು ದೂರಿದವರು ಕಡಿಮೆ. ತಡವಾದ ರೈಲು, ಹೊಂದಿಕೆಯಾಗದ ಹೆಸರು, ಮೊದಲೇ ಹೇಳದ ಖರ್ಚು, ವಯಸ್ಸಾದವರಿಗೆ ಸಿಕ್ಕ ಮೇಲಿನ ಬರ್ತ್, ಇವೇ ದೂರುಗಳು. ಇವೆಲ್ಲ ಮನೆಯಲ್ಲಿ ಕೂತೇ ಸರಿಮಾಡಿಕೊಳ್ಳಬಹುದಾದವು.

ಮೊದಲು ಬಂದರು ಗೊತ್ತುಮಾಡಿ

ನಕ್ಷೆ ನೋಡಿದರೆ ನಮಗೆ ಹತ್ತಿರದ ದೊಡ್ಡ ಬಂದರೆಂದರೆ ಪಣಂಬೂರಿನ ನವಮಂಗಳೂರು. ಚಳಿಗಾಲದಲ್ಲಿ ಅಲ್ಲಿಗೆ ವಿದೇಶಿ ಹಡಗುಗಳು ಬರುತ್ತವೆ. ಆದರೆ ಅವು ಬೆಳಿಗ್ಗೆ ಬಂದು, ತಮ್ಮ ಪ್ರಯಾಣಿಕರಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ ತೋರಿಸಿ ಸಂಜೆಗೆ ಹೊರಟುಬಿಡುತ್ತವೆ. ನಾವು ಹತ್ತಬೇಕೆಂದರೆ ಮುಂಬೈ, ಕೊಚ್ಚಿ, ಚೆನ್ನೈ ಕಡೆ ನೋಡಬೇಕು, ಇಲ್ಲವೇ ವಿಮಾನದಲ್ಲಿ ಸಿಂಗಾಪುರಕ್ಕೋ ದುಬೈಗೋ ಹೋಗಿ ಅಲ್ಲಿಂದ ಹತ್ತಬೇಕು.

ದೇಶದೊಳಗಿನ ಪ್ರಯಾಣಕ್ಕೆ ಹೆಚ್ಚಾಗಿ ಕೇಳಿಬರುವ ಹೆಸರು ಕಾರ್ಡೀಲಿಯಾ. 2021ರ ಸೆಪ್ಟೆಂಬರ್‌ನಲ್ಲಿ ಶುರುವಾದ ಈ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬೈನಿಂದ ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆ ಓಡಿದೆ, 2023ರಲ್ಲಿ ಚೆನ್ನೈನಿಂದ ಶ್ರೀಲಂಕಾಕ್ಕೂ ಹೋಗಿದೆ. ಮಾರ್ಗಗಳು ಹಂಗಾಮಿನಿಂದ ಹಂಗಾಮಿಗೆ ಬದಲಾಗುತ್ತವೆ. ಹೋದ ವರ್ಷ ಹೋಗಿ ಬಂದವರ ಮಾತನ್ನೇ ನಂಬಿ ರಜೆ ಹಾಕಬೇಡಿ, ಕಂಪನಿಯ ಜಾಲತಾಣದಲ್ಲಿ ಈ ಸಲದ ದಿನಾಂಕ ನೋಡಿ. ಹಡಗು ಹೊಸದಲ್ಲ ಎಂಬುದೂ ಗೊತ್ತಿರಲಿ. 1990ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ‘ನಾರ್ಡಿಕ್ ಎಂಪ್ರೆಸ್’ ಹೆಸರಿನಲ್ಲಿ ಓಡಾಟ ಶುರುಮಾಡಿದ ಹಡಗು ಅದು, ಹಡಗಿನ ಗಾತ್ರ ಹೇಳುವ ಒಟ್ಟು ಟನ್ನೇಜ್ 48 ಸಾವಿರದಷ್ಟು. ಸಿಂಗಾಪುರದಿಂದ ಹೊರಡುವ ‘ಗೆಂಟಿಂಗ್ ಡ್ರೀಮ್’ 2016ರದ್ದು, ಒಂದೂವರೆ ಲಕ್ಷ ಟನ್ನೇಜ್ ದಾಟಿದ್ದು. ವಿದೇಶಿ ಹಡಗಿನ ವಿಡಿಯೊ ನೋಡಿ, ಅದೇ ವೈಭವ ಇಲ್ಲಿಯೂ ಇರುತ್ತದೆಂದುಕೊಂಡು ಹತ್ತಿದವರಿಗೆ ನಿರಾಸೆಯಾಗುತ್ತದೆ. ಮೊದಲ ಸಲ ಸಮುದ್ರದ ಮೇಲೆ ಎರಡು ಮೂರು ರಾತ್ರಿ ಕಳೆದು ನೋಡೋಣ ಎನ್ನುವ ಕುಟುಂಬಕ್ಕೆ ಮಾತ್ರ ಮುಂಬೈನ ಹಡಗೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪಾಸ್‌ಪೋರ್ಟ್ ಬೇಡ, ಡಾಲರ್ ಬೇಡ, ಊಟದಲ್ಲಿ ಅನ್ನ ಸಾರು ಇರುತ್ತದೆ. ಮನೆಯಲ್ಲಿ ಯಾರಿಗೆ ಸಮುದ್ರ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ ಎನ್ನುವುದು ಕಡಿಮೆ ಖರ್ಚಿನಲ್ಲಿ ಗೊತ್ತಾಗಿಬಿಡುತ್ತದೆ.

ಒಂದು ದಿನ ಮುಂಚೆ ಬಂದರಿನ ಊರು ಸೇರಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಡಗು ಯಾರಿಗೂ ಕಾಯುವುದಿಲ್ಲ. ಸಂಜೆ 5ಕ್ಕೆ ಹೊರಡುತ್ತದೆಂದರೆ ಅದಕ್ಕೆ ಒಂದೆರಡು ಗಂಟೆ ಮುಂಚೆಯೇ ಚೆಕ್‌ಇನ್ ಬಾಗಿಲು ಹಾಕುತ್ತಾರೆ. ತಪ್ಪಿಸಿಕೊಂಡರೆ ಪೂರ್ತಿ ದುಡ್ಡು ಹೋದಂತೆಯೇ.

ದಾವಣಗೆರೆಯಿಂದ ಮುಂಬೈಗೆ 700 ಕಿ.ಮೀ.ಗೂ ಹೆಚ್ಚು. ಹುಬ್ಬಳ್ಳಿ, ಬೆಳಗಾವಿ, ಮೀರಜ್ ದಾರಿಯಾಗಿ ದಾದರ್‌ಗೆ ಹೋಗುವ ರೈಲುಗಳಿವೆ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಬಸ್ಸುಗಳೂ ಇವೆ. ಚಿತ್ರದುರ್ಗದವರಿಗೆ ದಾವಣಗೆರೆಗೆ ಬಂದು ರೈಲು ಹಿಡಿಯುವುದೇ ಸಲೀಸು, 60 ಕಿ.ಮೀ. ದಾರಿ. ಬೆಳಿಗ್ಗೆ ಮುಂಬೈ ತಲುಪುವ ಗಾಡಿ ಹಿಡಿದು ಅವತ್ತೇ ಮಧ್ಯಾಹ್ನ ಹಡಗು ಹತ್ತುತ್ತೇವೆ ಎಂಬ ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಗಾಡಿ ನಾಲ್ಕು ಗಂಟೆ ತಡವಾದರೆ? ಘಾಟಿನಲ್ಲಿ ಲಾರಿ ಅಡ್ಡ ಬಿದ್ದರೆ? ಹಿಂದಿನ ದಿನವೇ ಹೋಗಿ ಒಂದು ರಾತ್ರಿ ಲಾಡ್ಜ್‌ನಲ್ಲಿ ಉಳಿಯಿರಿ. ಆ ಬಾಡಿಗೆಯನ್ನು ಕ್ರೂಸ್ ಖರ್ಚಿನಲ್ಲೇ ಸೇರಿಸಿಕೊಳ್ಳಿ. ಮುಂಬೈನ ಕ್ರೂಸ್ ಟರ್ಮಿನಲ್ ಇರುವುದು ಬಲ್ಲಾರ್ಡ್ ಪಿಯರ್‌ನಲ್ಲಿ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಸಿಎಸ್‌ಎಂಟಿ) ರೈಲು ನಿಲ್ದಾಣಕ್ಕೆ ಹತ್ತಿರ. ಹಾಗಾಗಿ ಉಳಿಯುವ ಜಾಗ ದಾದರ್‌ನಲ್ಲಿ ನೋಡುವ ಬದಲು ಫೋರ್ಟ್, ಸಿಎಸ್‌ಎಂಟಿ ಆಸುಪಾಸಿನಲ್ಲಿ ನೋಡಿದರೆ ಬೆಳಗಿನ ಟ್ರಾಫಿಕ್ ತಾಪತ್ರಯ ಇರುವುದಿಲ್ಲ. ಕೊಚ್ಚಿಯಲ್ಲಾದರೆ ವಿಲ್ಲಿಂಗ್ಡನ್ ದ್ವೀಪದ ಕಡೆ ‘ಸಾಗರಿಕಾ’ ಟರ್ಮಿನಲ್ ಇದೆ.

ಸಿಂಗಾಪುರಕ್ಕೆ ಹೋಗುವವರಿಗೂ ಇದೇ ನಿಯಮ. ನಮ್ಮಿಂದ ಬೆಂಗಳೂರು 260 ಕಿ.ಮೀ., ಅಲ್ಲಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಊರು ದಾಟಿಕೊಂಡು ಹೋಗಬೇಕು, ಆಮೇಲೆ ವಿಮಾನ. ಮೂರು ಕೊಂಡಿಗಳಲ್ಲಿ ಒಂದು ಕಳಚಿದರೂ ಹಡಗು ಹೋಯಿತು.

ಮರಳುವಾಗಲೂ ಅಷ್ಟೇ. ಬೆಳಿಗ್ಗೆ 7ಕ್ಕೆ ಹಡಗು ದಡ ಮುಟ್ಟಿದರೂ ಎಲ್ಲರೂ ಇಳಿದು, ಲಗೇಜ್ ಹುಡುಕಿಕೊಂಡು ಹೊರಬರುವಷ್ಟರಲ್ಲಿ 10 ದಾಟಬಹುದು. ವಾಪಸ್ ಗಾಡಿ ಸಂಜೆಯದ್ದೋ ರಾತ್ರಿಯದ್ದೋ ಇರಲಿ.

ಕಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಮುಂಗಾರಿನ ಹೊಡೆತದಲ್ಲಿರುತ್ತದೆ, ಆ ದಿಕ್ಕಿನ ಪ್ರಯಾಣ ಆಗ ಬೇಡವೇ ಬೇಡ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನೀರು ಹೆಚ್ಚು ಶಾಂತ. ಮೇ ತಿಂಗಳಲ್ಲೂ ಅಕ್ಟೋಬರ್, ನವೆಂಬರ್‌ನಲ್ಲೂ ಚಂಡಮಾರುತ ಏಳುವ ಸಂಭವವಿದೆ. ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆಯಲ್ಲಿ ದರ ಏರುತ್ತದೆ. ಶಾಲೆಗೆ ಹೋಗುವ ಮಕ್ಕಳಿಲ್ಲದವರು ಜನವರಿ ಕೊನೆ, ಫೆಬ್ರವರಿಯ ವಾರದ ನಡುವಿನ ದಿನಗಳನ್ನು ಹುಡುಕಲಿ.

ಕಾಗದಪತ್ರ: ಹೆಸರಿನದೇ ದೊಡ್ಡ ತಲೆನೋವು

ದೇಶದೊಳಗಿನ ಕ್ರೂಸ್‌ಗೆ ಸರ್ಕಾರಿ ಗುರುತಿನ ಚೀಟಿ ಸಾಕು. ಲಕ್ಷದ್ವೀಪಕ್ಕೆ ಭಾರತೀಯರೂ ಪ್ರವೇಶ ಪರವಾನಗಿ ಪಡೆಯಬೇಕು. ಕ್ರೂಸ್‌ನಲ್ಲಿ ಹೋಗುವವರಿಗೆ ಅದನ್ನು ಸಾಮಾನ್ಯವಾಗಿ ಕಂಪನಿಯೇ ಮಾಡಿಸುತ್ತದೆ. ಕೇಳಿದ ದಾಖಲೆಗಳನ್ನು ಹೇಳಿದ ದಿನದೊಳಗೆ ಕಳಿಸುವುದು ಮಾತ್ರ ನಿಮ್ಮ ಹೊಣೆ.

ನಮ್ಮ ಕಡೆಯವರಿಗೆ ಕಾಡುವುದು ಇನಿಷಿಯಲ್. ಆಧಾರ್‌ನಲ್ಲಿ ‘ರುದ್ರಮ್ಮ ಹೆಚ್ ಎಂ’, ಪಾಸ್‌ಪೋರ್ಟ್‌ನಲ್ಲಿ ಊರ ಹೆಸರು ಮನೆತನದ ಹೆಸರು ಬಿಡಿಸಿ ಬರೆದ ಉದ್ದ ಹೆಸರು, ಟಿಕೆಟ್‌ನಲ್ಲಿ ಬರೀ ‘ರುದ್ರಮ್ಮ’. ಮೂರೂ ಒಬ್ಬರೇ ಎಂದು ನಮಗೆ ಗೊತ್ತು, ಕೌಂಟರಿನಲ್ಲಿ ಕೂತವರಿಗೆ ಗೊತ್ತಾಗುವುದು ಹೇಗೆ? ಪ್ರಯಾಣದ ದಿನ ಯಾವ ಗುರುತಿನ ಚೀಟಿ ತೋರಿಸುತ್ತೀರೋ, ಅದರಲ್ಲಿ ಅಕ್ಷರ ಹೇಗಿದೆಯೋ ಹಾಗೆಯೇ ಟಿಕೆಟ್‌ನಲ್ಲಿ ಬರಲಿ. ಏಜೆಂಟರಿಗೆ ಫೋನಿನಲ್ಲಿ ಹೆಸರು ಹೇಳಬೇಡಿ, ಚೀಟಿಯ ಫೋಟೊ ಕಳಿಸಿ.

ವಿದೇಶಕ್ಕೆ ಹೋಗುವವರ ಪಾಸ್‌ಪೋರ್ಟ್ ಪ್ರಯಾಣ ಮುಗಿಯುವ ದಿನದಿಂದ ಮುಂದಕ್ಕೆ ಕನಿಷ್ಠ 6 ತಿಂಗಳು ಚಾಲ್ತಿಯಲ್ಲಿರಬೇಕು. ಹೊಸದಾಗಿ ಮಾಡಿಸುವವರು ಬೆಂಗಳೂರಿಗೇ ಓಡಬೇಕೆಂದಿಲ್ಲ, ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕುವಾಗ ಹತ್ತಿರದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವನ್ನು ಆರಿಸಿಕೊಳ್ಳಬಹುದು. ಪೊಲೀಸ್ ಪರಿಶೀಲನೆ ಎಲ್ಲ ಮುಗಿಯಲಿ, ಪಾಸ್‌ಪೋರ್ಟ್ ಕೈಗೆ ಬರಲಿ, ಆಮೇಲೆ ಮುಂಗಡ ಕಟ್ಟಿ. ಸರ್‌ನೇಮ್ ಜಾಗ ಖಾಲಿ ಬಿಟ್ಟು ಒಂದೇ ಹೆಸರಿರುವ ಪಾಸ್‌ಪೋರ್ಟ್ ನಮ್ಮಲ್ಲಿ ಬಹಳ. ದುಬೈ ಕಡೆಯಿಂದ ಹತ್ತುವವರು ಇದನ್ನು ಮೊದಲೇ ವಿಚಾರಿಸಬೇಕು, ಯುಎಇ 2022ರಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟ್‌ಗಳ ಬಗ್ಗೆ ನಿಯಮ ಬಿಗಿ ಮಾಡಿದೆ.

ಸಿಂಗಾಪುರದಿಂದ ಹೊರಟು ಮಲೇಷ್ಯಾ, ಥಾಯ್ಲೆಂಡ್ ಮುಟ್ಟಿ ಮತ್ತೆ ಸಿಂಗಾಪುರಕ್ಕೆ ಬರುವ ಹಡಗಾದರೆ ನೀವು ಸಿಂಗಾಪುರವನ್ನು ಎರಡು ಸಲ ಪ್ರವೇಶಿಸಿದಂತೆ. ಆದ್ದರಿಂದ ವೀಸಾ ‘ಮಲ್ಟಿಪಲ್ ಎಂಟ್ರಿ’ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಹಡಗು ಮುಟ್ಟುವ ಪ್ರತಿ ದೇಶದ ನಿಯಮವನ್ನೂ ಬುಕ್ ಮಾಡುವ ವಾರವೇ ಪರಿಶೀಲಿಸಿ. ದಡಕ್ಕೆ ಇಳಿಯದೆ ಹಡಗಿನಲ್ಲೇ ಇರುತ್ತೇವೆ ಎಂದರೂ ಕೆಲವು ಕಡೆ ವೀಸಾ ಕೇಳುತ್ತಾರೆ. ಸಿಂಗಾಪುರದ ಅರೈವಲ್ ಕಾರ್ಡ್, ಅಂದರೆ ಆ ದೇಶಕ್ಕೆ ಕಾಲಿಡುವ ಮೊದಲು ಆನ್‌ಲೈನ್‌ನಲ್ಲಿ ತುಂಬುವ ಅರ್ಜಿ, ಸರ್ಕಾರಿ ತಾಣದಲ್ಲಿ ಉಚಿತ. ಅದಕ್ಕೆ ದುಡ್ಡು ಕೇಳುವ ತಾಣ ಕಂಡರೆ ಮುಚ್ಚಿಬಿಡಿ.

ಗರ್ಭಿಣಿಯರನ್ನು 24ನೇ ವಾರದ ನಂತರ ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. 6 ತಿಂಗಳೊಳಗಿನ ಕೂಸುಗಳಿಗೂ ಹೆಚ್ಚಿನ ಕಡೆ ಅವಕಾಶವಿಲ್ಲ.

ಕ್ಯಾಬಿನ್ ಆರಿಸುವಾಗ ಮನೆಯ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ

ಕ್ಯಾಬಿನ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆ: ಕಿಟಕಿಯಿಲ್ಲದ ಇನ್‌ಸೈಡ್, ಕಿಟಕಿಯಿರುವ ಓಷನ್ ವ್ಯೂ, ಬಾಲ್ಕನಿ, ಸೂಟ್. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವುದು ಇನ್‌ಸೈಡ್ ದರ. ಇಡೀ ದಿನ ಡೆಕ್ ಮೇಲೆ ಓಡಾಡಿ ರಾತ್ರಿ ಮಲಗಲು ಮಾತ್ರ ಬರುವ ಹುಡುಗರಿಗೆ ಅದು ಧಾರಾಳ ಸಾಕು. ವಯಸ್ಸಾದವರಿಗೆ ಬೇಡ. ಲೈಟ್ ಆರಿಸಿದರೆ ಮಧ್ಯಾಹ್ನ ಹನ್ನೆರಡೂ ನಡುರಾತ್ರಿಯೂ ಒಂದೇ ಕಾಣುವ ಕೋಣೆ ಅದು, ಎದ್ದಾಗ ಹೊತ್ತೇ ಗೊತ್ತಾಗುವುದಿಲ್ಲ. ಬಾಲ್ಕನಿಗೆ ಕೊಡುವ ಹೆಚ್ಚಿನ ದುಡ್ಡು ಎರಡು ರಾತ್ರಿಯ ಪ್ರಯಾಣದಲ್ಲಿ ವಸೂಲಾಗುವುದಿಲ್ಲ ಎಂದೇ ನನ್ನ ಎಣಿಕೆ. ಅಪ್ಪ ಅಮ್ಮನಿಗೆ ಓಷನ್ ವ್ಯೂ ಮಾಡಿಸಿ, ಹಾಸಿಗೆಯಲ್ಲಿ ಕೂತೇ ನೀರು ನೋಡುತ್ತಾರೆ.

ದರ ನೋಡಿದ ಮೇಲೆ, ಯಾವ ಅಂತಸ್ತಿನಲ್ಲಿ ಏನಿದೆ ಎಂದು ತೋರಿಸುವ ಡೆಕ್ ಪ್ಲಾನ್ ನೋಡಿ. ಹಡಗು ಏರಿಳಿಯುವುದು ಮೂತಿಯ ಕಡೆ, ಬಾಲದ ಕಡೆ, ಮೇಲಿನ ಅಂತಸ್ತುಗಳಲ್ಲಿ ಹೆಚ್ಚು ಗೊತ್ತಾಗುತ್ತದೆ. ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಕಡಿಮೆ. ಬಸ್ಸಿನಲ್ಲಿ ಹಿಂದಿನ ಸೀಟು ಕುಣಿದಾಡುತ್ತದೆ, ನಡುವಿನ ಸೀಟು ಅಷ್ಟಿಲ್ಲ, ಹಾಗೆಯೇ ಇದೂ. ನೀವು ಆರಿಸಿದ ಕ್ಯಾಬಿನ್‌ನ ನೆತ್ತಿಯ ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಕೆಳಗೆ ಡಿಸ್ಕೊ ಇದ್ದರೆ ರಾತ್ರಿಯಿಡೀ ಢಂ ಢಂ. ಮೇಲೆಯೂ ಕೆಳಗೆಯೂ ಬೇರೆ ಕ್ಯಾಬಿನ್‌ಗಳೇ ಇರುವ ಜಾಗ ಹುಡುಕಿ. ‘ಗ್ಯಾರಂಟಿ ಕ್ಯಾಬಿನ್’ ಎಂದು ಅಗ್ಗಕ್ಕೆ ಕೊಡುವುದರಲ್ಲಿ ಗ್ಯಾರಂಟಿ ಇರುವುದು ಯಾವ ಬಗೆಯ ಕ್ಯಾಬಿನ್ ಎನ್ನುವುದಕ್ಕೆ ಮಾತ್ರ. ಯಾವ ಜಾಗ ಎನ್ನುವುದು ಕಂಪನಿಯ ಇಷ್ಟ.

ಇನ್ನೊಂದು, ಬಹಳ ಜನ ಎಡವುವ ವಿಷಯ. ‘ನಾಲ್ಕು ಜನ ಒಂದೇ ಕ್ಯಾಬಿನ್’ ಎಂದರೆ ದರ ಇಳಿಯುತ್ತದೆ, ನಿಜ. ಆದರೆ ಮೂರನೆಯ, ನಾಲ್ಕನೆಯ ಹಾಸಿಗೆ ಗೋಡೆಯಿಂದಲೋ ಚಾವಣಿಯಿಂದಲೋ ಮಡಚಿ ಇಳಿಸುವ ಬರ್ತ್. ಹತ್ತಲು ಸಣ್ಣ ಏಣಿ. ಮಂಡಿನೋವಿನ ಅತ್ತೆಯವರು ರಾತ್ರಿ ಎರಡು ಸಲ ಬಾತ್‌ರೂಮಿಗೆ ಏಳುವವರಾದರೆ ಏನು ಗತಿ? ಬಾತ್‌ರೂಮಿನ ಹೊಸ್ತಿಲೂ ನೀರು ಹೊರಬಾರದಂತೆ ಎತ್ತರಕ್ಕಿರುತ್ತದೆ, ಕತ್ತಲಲ್ಲಿ ಕಾಲು ತಾಗುತ್ತದೆ. ಹಿರಿಯರಿಗೆ ಕೆಳಗಿನ ಎರಡು ಹಾಸಿಗೆಯ ಪ್ರತ್ಯೇಕ ಕ್ಯಾಬಿನ್, ಪಕ್ಕದ ಕ್ಯಾಬಿನ್‌ನಲ್ಲಿ ಮಕ್ಕಳ ಜೊತೆ ನೀವು. ಈ ಏರ್ಪಾಡಿಗೆ ಒಂದಿಷ್ಟು ಹೆಚ್ಚು ಖರ್ಚಾದರೂ ಮಾಡಿ. ರಾತ್ರಿ ಉರಿಯಲೆಂದು ಬ್ಯಾಟರಿಯ ಸಣ್ಣ ಲೈಟೊಂದನ್ನು ಒಯ್ಯಿರಿ. ಕ್ಯಾಬಿನ್ ಗೋಡೆಗಳು ಹೆಚ್ಚಿನ ಹಡಗುಗಳಲ್ಲಿ ಉಕ್ಕಿನವು, ನಾಲ್ಕಾರು ಅಯಸ್ಕಾಂತದ ಕೊಕ್ಕೆಗಳಿದ್ದರೆ ಟವೆಲ್, ಟೋಪಿ, ಚೀಲ ಎಲ್ಲ ಗೋಡೆಗೇ ನೇತುಹಾಕಬಹುದು. ಚಿಕ್ಕ ಕೋಣೆಯಲ್ಲಿ ಅದೇ ದೊಡ್ಡ ಉಪಕಾರ.

ದುಡ್ಡಿನ ಲೆಕ್ಕ

ಈಗ ‘ಒಬ್ರಿಗೆ ಎಷ್ಟು’ ಎಂಬುದಕ್ಕೆ ಬರೋಣ. ಜಾಹೀರಾತಿನ ದರ ಇಬ್ಬರು ಒಂದು ಕ್ಯಾಬಿನ್ ಹಂಚಿಕೊಂಡಾಗ ತಲೆಗೆ ಬೀಳುವ ಮೂಲ ದರ. ಒಬ್ಬರೇ ಹೋದರೆ ಇಬ್ಬರ ದರಕ್ಕೆ ಹತ್ತಿರ ಹೋಗುತ್ತದೆ. ಮೂಲ ದರದ ಮೇಲೆ ಪೋರ್ಟ್ ಚಾರ್ಜ್ (ಬಂದರಿನ ಶುಲ್ಕ), ಗ್ರ್ಯಾಚುಯಿಟಿ, ಜಿಎಸ್‌ಟಿ, ಕೆಲವು ಸಲ ಇಂಧನದ ಹೆಚ್ಚುವರಿ. ಗ್ರ್ಯಾಚುಯಿಟಿಯೆಂದರೆ ಸಿಬ್ಬಂದಿಯ ಟಿಪ್ಸ್, ವಿದೇಶಿ ಹಡಗುಗಳಲ್ಲಿ ದಿನಕ್ಕೆ ತಲೆಗೆ ಇಷ್ಟು ಎಂದು ಕಡ್ಡಾಯವಾಗಿ ಬಿಲ್ಲಿಗೆ ಸೇರುತ್ತದೆ, ಹಲವು ಕಂಪನಿಗಳಲ್ಲಿ ಮಕ್ಕಳಿಗೂ. ದಿನಕ್ಕೆ 18 ಡಾಲರ್ ಎಂದಿಟ್ಟುಕೊಳ್ಳಿ, ನಾಲ್ಕು ಜನ, ನಾಲ್ಕು ರಾತ್ರಿ: 288 ಡಾಲರ್. ಟಿಕೆಟ್ ಕೊಳ್ಳುವಾಗ ಇದರ ಸುದ್ದಿಯೇ ಇರುವುದಿಲ್ಲ, ಕೊನೆಯ ದಿನ ಬಿಲ್ಲಿನಲ್ಲಿ ಕಾಣುತ್ತದೆ.

ನಮ್ಮ ಪರಿಚಯದ ಕುಟುಂಬವೊಂದಕ್ಕೆ ಏಜೆಂಟರೊಬ್ಬರು ‘ಎಲ್ಲಾ ಸೇರಿ’ ಎಂದು ಬಾಯಿಮಾತಿನಲ್ಲಿ ದರ ಹೇಳಿ ಮುಂಗಡ ತೆಗೆದುಕೊಂಡರು. ಹೊರಡಲು ಒಂದು ವಾರವಿರುವಾಗ ಪೋರ್ಟ್ ಚಾರ್ಜ್ ಬೇರೆ, ತೆರಿಗೆ ಬೇರೆ ಎಂದರು. ರದ್ದು ಮಾಡೋಣವೆಂದರೆ ಅಷ್ಟು ಹತ್ತಿರ ಬಂದ ಮೇಲೆ ವಾಪಸ್ ಬರುವುದು ಏನೂ ಇರಲಿಲ್ಲ. ಅವರು ಕಟ್ಟಿದರು, ಆದರೆ ಪ್ರವಾಸದುದ್ದಕ್ಕೂ ಮನಸ್ಸು ಕಹಿಯಾಗಿಯೇ ಇತ್ತು. ಆದ್ದರಿಂದ ಮುಂಗಡ ಕೊಡುವ ಮೊದಲು ವಾಟ್ಸಾಪ್‌ನಲ್ಲೋ ಮೇಲ್‌ನಲ್ಲೋ ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ: ಪೋರ್ಟ್ ಚಾರ್ಜ್, ಗ್ರ್ಯಾಚುಯಿಟಿ, ಜಿಎಸ್‌ಟಿ ಸೇರಿದೆಯೇ? ಯಾವ ಡೆಕ್, ಯಾವ ಬಗೆಯ ಕ್ಯಾಬಿನ್, ಹಾಸಿಗೆ ಎಲ್ಲವೂ ಕೆಳಗಿನವೇ? ಇಂದಿಗೆ ರದ್ದು ಮಾಡಿದರೆ ಎಷ್ಟು ಕಡಿತ, ಹೊರಡಲು 15 ದಿನವಿರುವಾಗ ಎಷ್ಟು? ವಾಪಸ್ ಬರುವುದು ನಗದೋ, ಮುಂದಿನ ಬುಕಿಂಗ್‌ಗೆ ಮಾತ್ರ ಬಳಸಬಹುದಾದ ಕ್ರೆಡಿಟ್ ನೋಟೋ? ದುಡ್ಡನ್ನು ಕೈಗೆ ಕೊಡಬೇಡಿ, ಖಾತೆಗೆ ಹಾಕಿ ರಸೀದಿ ಪಡೆಯಿರಿ. ಬುಕಿಂಗ್ ಸಂಖ್ಯೆ ಬಂದ ದಿನವೇ ಅದನ್ನು ಕ್ರೂಸ್ ಕಂಪನಿಯ ತಾಣದಲ್ಲಿ ಹಾಕಿ ನೋಡಿ, ಇಲ್ಲವೇ ಕಂಪನಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಊರಿನ ಏಜೆಂಟರು ಬೇಡ ಎನ್ನುತ್ತಿಲ್ಲ. ಒಳ್ಳೆಯ ಏಜೆಂಟರಿದ್ದರೆ ವೀಸಾ, ಕ್ಯಾಬಿನ್ ಬದಲಾವಣೆಯಂಥ ಕೆಲಸ ಹಗುರವಾಗುತ್ತದೆ. ಅಂಥವರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದೂ ಇಲ್ಲ.

ವಿದೇಶಿ ಪ್ಯಾಕೇಜ್ ಕೊಂಡರೆ ಮಾರುವವರು ಟಿಸಿಎಸ್, ಅಂದರೆ ಮಾರುವಾಗಲೇ ಸಂಗ್ರಹಿಸುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಸೇರಿ ನಿಮ್ಮ ತೆರಿಗೆ ವಿವರಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು. ನಿಮ್ಮ ಆಡಿಟರಿಗೆ ಹೇಳಿಡಿ.

ಹಡಗಿನೊಳಗೆ ನಗದು ನಡೆಯುವುದಿಲ್ಲ. ಕ್ಯಾಬಿನ್ ಬಾಗಿಲು ತೆರೆಯುವ ಕಾರ್ಡೇ ಖರ್ಚಿನ ಕಾರ್ಡು, ಅದಕ್ಕೆ ನಿಮ್ಮ ಕ್ರೆಡಿಟ್ ಕಾರ್ಡ್ ಜೋಡಿಸುತ್ತಾರೆ ಅಥವಾ ಮುಂಗಡ ಕಟ್ಟಿಸಿಕೊಳ್ಳುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ಖಾತೆಯ ಹಣ ಕೆಲವು ದಿನ ತಡೆಹಿಡಿದು ಇರಬಹುದು. ಟಿಕೆಟ್‌ನಲ್ಲಿ ಸೇರಿರುವುದು ಮುಖ್ಯ ಊಟದ ಹಾಲ್, ಬಫೆ, ಹೆಚ್ಚಿನ ಶೋಗಳು, ಈಜುಕೊಳ. ತಂಪು ಪಾನೀಯ, ಮದ್ಯ, ವಿಶೇಷ ರೆಸ್ಟೋರೆಂಟ್, ಸ್ಪಾ, ವೈಫೈ, ಫೋಟೊ, ದಡದ ಪ್ರವಾಸ ಇವಕ್ಕೆಲ್ಲ ಬೇರೆ. ಮಕ್ಕಳ ಕೈಗೂ ಕಾರ್ಡ್ ಕೊಡುತ್ತಾರೆ, ಖರ್ಚು ಮಾಡುವ ಅವಕಾಶವನ್ನು ರಿಸೆಪ್ಷನ್‌ನಲ್ಲಿ ಹೇಳಿ ತೆಗೆಸಿಬಿಡಿ. ಕ್ಯಾಸಿನೊ ಬಾಗಿಲು ಓಡಾಡುವ ದಾರಿಯಲ್ಲೇ ಇರುತ್ತದೆ. ಒಳಗೆ ಹೋಗದಿರುವುದೇ ಒಳ್ಳೆಯದು, ಕಾರ್ಡ್ ಉಜ್ಜಿದಾಗ ದುಡ್ಡು ಹೋದದ್ದು ಗೊತ್ತೇ ಆಗುವುದಿಲ್ಲ.

ಪ್ರವಾಸ ವಿಮೆ ಮಾಡಿಸಿ. ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಶುಲ್ಕ ದುಬಾರಿ. ಪಾಲಿಸಿಯಲ್ಲಿ ಹಡಗಿನ ಚಿಕಿತ್ಸೆ, ತುರ್ತಾಗಿ ದಡಕ್ಕೆ ಸಾಗಿಸುವ ಖರ್ಚು ಸೇರಿದೆಯೇ, ಮೊದಲೇ ಇರುವ ಬಿಪಿ, ಶುಗರ್‌ಗೆ ಅನ್ವಯಿಸುತ್ತದೆಯೇ ನೋಡಿ.

ಲಗೇಜ್

ಬಂದರಿನಲ್ಲಿ ದೊಡ್ಡ ಬ್ಯಾಗುಗಳಿಗೆ ಟ್ಯಾಗ್ ಕಟ್ಟಿ ತೆಗೆದುಕೊಳ್ಳುತ್ತಾರೆ, ಅವು ಕ್ಯಾಬಿನ್ ಬಾಗಿಲಿಗೆ ಬರಲು ಸಂಜೆಯಾಗಬಹುದು. ಮಾತ್ರೆ, ಗುರುತಿನ ಚೀಟಿ, ಚಾರ್ಜರ್, ಒಂದು ಜೊತೆ ಬಟ್ಟೆ, ಮಕ್ಕಳ ಈಜುಡುಗೆ ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಊದಿನಕಡ್ಡಿ, ಕರ್ಪೂರ, ದೀಪ ಒಯ್ಯಬೇಡಿ, ಬೆಂಕಿಯ ಭಯಕ್ಕೆ ಎಲ್ಲವನ್ನೂ ತೆಗೆದಿಟ್ಟುಕೊಳ್ಳುತ್ತಾರೆ. ಬೆಳಗಿನ ಪೂಜೆ ತಪ್ಪಿಸದವರು ವಿಭೂತಿ ಹಚ್ಚಿಕೊಂಡು ಕೈಮುಗಿದರಾಯಿತು. ಮನೆಯಲ್ಲಿ ಕಲಸಿದ ಖಾರ ಮಂಡಕ್ಕಿ, ಕಟ್ಟಿದ ರೊಟ್ಟಿ ಬುತ್ತಿಗೂ ಸಾಮಾನ್ಯವಾಗಿ ಬಿಡುವುದಿಲ್ಲ. ಅಂಗಡಿಯಿಂದ ಸೀಲಾಗಿ ಬಂದ ಒಣ ತಿಂಡಿ, ಚಟ್ನಿಪುಡಿ ಪೊಟ್ಟಣಕ್ಕೆ ಹಲವು ಕಂಪನಿಗಳು ಒಪ್ಪುತ್ತವೆ, ಕೇಳಿಕೊಂಡು ಇಟ್ಟುಕೊಳ್ಳಿ. ವಿದೇಶಿ ಹಡಗಿನ ಪ್ಲಗ್ ಬೇರೆ, ಅಡಾಪ್ಟರ್ ಬೇಕು. ಒಳಗೆ ಎಸಿ ಜೋರು, ಮಾಮೂಲಿ ಶಾಲೊಂದು ಹಿರಿಯರ ಹೆಗಲ ಮೇಲಿರಲಿ.

ಹತ್ತಿದ ಮೊದಲ ಎರಡು ಗಂಟೆ

ಎಲ್ಲರೂ ಬಫೆಗೆ ನುಗ್ಗುವ ಹೊತ್ತು ಅದು. ನೀವು ಮೊದಲು ಊಟದ ಸರದಿ, ಶೋ ಕಾಯ್ದಿರಿಸುವುದು ಮುಗಿಸಿ. ಮಸ್ಟರ್ ಡ್ರಿಲ್ ಅಂದರೆ ಅಪಾಯದ ಹೊತ್ತಿನ ತಾಲೀಮು. ಅದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. 2012ರ ಜನವರಿಯಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ತಗುಲಿ ಮಗುಚಿದಾಗ 32 ಜನ ಸತ್ತರು. ಆ ದಿನವೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ತಾಲೀಮು ಆಗಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮ ಬದಲಾಗಿ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಬೇಕೆಂದಾಯಿತು. ಏಳು ಗಿಡ್ಡ ಸೈರನ್, ಒಂದು ಉದ್ದ ಸೈರನ್ ಕೇಳಿದರೆ ಎಲ್ಲಿ ಸೇರಬೇಕು ಎಂಬುದನ್ನು ಅಜ್ಜಿಗೂ ಮೊಮ್ಮಗುವಿಗೂ ಕ್ಯಾಬಿನ್‌ನಿಂದ ಅಲ್ಲಿಯವರೆಗೆ ಒಂದು ಸಲ ನಡೆಸಿ ತೋರಿಸಿ.

ಮೊಬೈಲನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿಬಿಡಿ. ದಡ ದೂರವಾದ ಮೇಲೆ ಫೋನ್ ತಾನಾಗಿ ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಂಡರೆ ಬಿಲ್ ಕಣ್ಣು ಕತ್ತಲೆ ಬರಿಸುತ್ತದೆ. ಊರಿನಲ್ಲಿ ಕಾಯುವವರಿಗೆ ‘ಎರಡು ದಿನ ಫೋನ್ ಹತ್ತಲ್ಲ’ ಎಂದು ಮೊದಲೇ ಹೇಳಿ ಹೋಗಿ.

ತಲೆ ಸುತ್ತು

ದೊಡ್ಡ ಹಡಗುಗಳಿಗೆ ಅಲುಗಾಟ ತಗ್ಗಿಸುವ ರೆಕ್ಕೆಗಳು ನೀರಿನಡಿ ಇರುತ್ತವೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆಗುಂಬೆ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುವವರು ಮನೆಯಲ್ಲಿದ್ದರೆ ಮಾತ್ರ ಸಿದ್ಧತೆ ಬೇಕು. ಬಸ್ ಪ್ರಯಾಣಕ್ಕೆ ಜನ ನುಂಗುವ ಅವೊಮಿನ್ ಇಲ್ಲಿಯೂ ಕೆಲಸ ಮಾಡುತ್ತದೆ, ಆದರೆ ಸಂಕಟ ಶುರುವಾಗುವ ಮುಂಚೆಯೇ ತೆಗೆದುಕೊಳ್ಳಬೇಕು, ನಿದ್ದೆ ಬರಿಸುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು, ಮಕ್ಕಳು, ಬೇರೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಹೊಟ್ಟೆ ಖಾಲಿ ಬಿಡಬೇಡಿ, ಎಣ್ಣೆಯದನ್ನು ತುಂಬಲೂ ಬೇಡಿ. ಬಿಸ್ಕತ್ತು, ಶುಂಠಿ ಜೊತೆಗಿರಲಿ. ಸುತ್ತು ಬಂದಾಗ ಕ್ಯಾಬಿನ್‌ನಲ್ಲಿ ಮುದುರಿ ಮಲಗುವ ಬದಲು ನಡು ಡೆಕ್‌ಗೆ ಬಂದು ಗಾಳಿಗೆ ಮುಖವೊಡ್ಡಿ, ನೀರೂ ಆಕಾಶವೂ ಸೇರುವ ಗೆರೆಯನ್ನೇ ನೋಡುತ್ತ ನಿಂತರೆ ಕಣ್ಣು ಕಂಡದ್ದಕ್ಕೂ ಕಿವಿಯೊಳಗಿನ ಸಮತೋಲನಕ್ಕೂ ತಾಳೆಯಾಗಿ ಸಂಕಟ ಇಳಿಯುತ್ತದೆ. ಆ ಹೊತ್ತಿನಲ್ಲಿ ಮೊಬೈಲ್ ನೋಡಬೇಡಿ.

ಊಟ

ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು, ಜೈನರು ಬುಕಿಂಗ್ ಮಾಡುವಾಗಲೇ ಬರೆಸಬೇಕು, ಹತ್ತಿದ ದಿನ ಊಟದ ಹಾಲ್‌ನ ಮುಖ್ಯಸ್ಥರಿಗೆ ಮತ್ತೊಮ್ಮೆ ಹೇಳಬೇಕು. ಭಾರತದ ಹಡಗಿನಲ್ಲಿ ಇದು ಸಲೀಸು, ಸಿಂಗಾಪುರದ ಹಡಗುಗಳಲ್ಲೂ ಭಾರತೀಯ ಅಡುಗೆ ಸಿಗುತ್ತದೆ. ದಾವಣಗೆರೆಯ ಬೆಣ್ಣೆದೋಸೆಯ ರುಚಿ ಅಲ್ಲಿಯ ದೋಸೆಯಲ್ಲಿ ಹುಡುಕಬೇಡಿ. ಬಫೆ ಶುರುವಾದ ಅರ್ಧ ಗಂಟೆಯೊಳಗೆ ಹೋದರೆ ಬಿಸಿಯೂ ಇರುತ್ತದೆ, ಸಾಲೂ ಇರುವುದಿಲ್ಲ. ಪ್ರತಿ ಊಟಕ್ಕೂ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಹಡಗುಗಳಲ್ಲಿ ವಾಂತಿಭೇದಿ ಹರಡಿಸುವ ನೊರೊ ವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ದಡಕ್ಕೆ ಇಳಿಯುವ ದಿನ

ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡ ಮುಟ್ಟುವುದಿಲ್ಲ. ಹವಳದ ದಿಬ್ಬದ ಆಚೆ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ದಾಟಬೇಕು. ದೋಣಿ ಅಲೆಯ ಮೇಲೆ ಏರುತ್ತದೆ, ಇಳಿಯುತ್ತದೆ. ಬಾಗಿಲಲ್ಲಿ ನಿಂತ ಸಿಬ್ಬಂದಿ ಎರಡೂ ಕಡೆಯಿಂದ ಮುಂಗೈ ಹಿಡಿದುಕೊಂಡು, ದೋಣಿ ಮೇಲೆ ಬಂದ ಕ್ಷಣ ‘ಈಗ’ ಎನ್ನುತ್ತಾರೆ. ಆಗ ಒಂದೇ ಹೆಜ್ಜೆಗೆ ದಾಟಬೇಕು, ಅರ್ಧ ಇಟ್ಟು ಹಿಂದೆ ಎಳೆದುಕೊಳ್ಳಬಾರದು. ಕೈಯಲ್ಲಿ ಚೀಲ, ಮೊಬೈಲ್ ಏನೂ ಇರಬಾರದು, ಎಲ್ಲ ಬೆನ್ನಿಗೆ. ಸೀರೆ ಉಡುವವರು ಆ ಒಂದು ದಿನ ಚೂಡಿದಾರ್ ಹಾಕಿದರೆ ಕಾಲಿಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಚಪ್ಪಲಿ ಹಿಂದೆ ಪಟ್ಟಿಯಿರುವುದಾಗಲಿ. ಮಂಡಿ ಬಗ್ಗದವರನ್ನು ಒತ್ತಾಯ ಮಾಡಿ ಇಳಿಸಬೇಡಿ, ಅವರ ಜೊತೆ ಮನೆಯವರೊಬ್ಬರು ಹಡಗಿನಲ್ಲಿ ಉಳಿಯಲಿ. ಅವತ್ತು ಡೆಕ್ ಖಾಲಿ ಇರುತ್ತದೆ, ಕೂತು ಮಾತಾಡಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ದ್ವೀಪದಿಂದ ಹವಳ ಹೆಕ್ಕಿ ತರುವುದು ಅಪರಾಧ, ಮಕ್ಕಳಿಗೆ ಇದನ್ನು ಮೊದಲೇ ಹೇಳಿ.

ಅಲೆ ಹೆಚ್ಚಿದ್ದರೆ ಕ್ಯಾಪ್ಟನ್ ಆ ನಿಲುಗಡೆಯನ್ನೇ ಕೈಬಿಡುತ್ತಾರೆ. ಟಿಕೆಟ್‌ನ ಷರತ್ತಿನಲ್ಲಿ ಆ ಅಧಿಕಾರ ಅವರಿಗಿದೆ, ವಾಪಸ್ ಸಿಗುವುದು ಸಾಮಾನ್ಯವಾಗಿ ಆ ಬಂದರಿನ ಶುಲ್ಕದಷ್ಟೇ. ಕಂಪನಿಯ ಮೂಲಕ ದಡದ ಪ್ರವಾಸ ತೆಗೆದುಕೊಂಡರೆ ದುಬಾರಿ, ಆದರೆ ಬಸ್ ತಡವಾದರೆ ಹಡಗು ಕಾಯುತ್ತದೆ. ಸ್ವಂತ ಟ್ಯಾಕ್ಸಿಯಲ್ಲಿ ಹೋದವರಿಗೆ ಕಾಯುವುದಿಲ್ಲ. ಗೋವಾದಂಥ ಪರಿಚಿತ ಜಾಗದಲ್ಲಿ ಸ್ವಂತ ಹೋಗಿ, ಭಾಷೆ ಬಾರದ ದೇಶದಲ್ಲಿ ಕಂಪನಿಯದನ್ನೇ ಹಿಡಿಯಿರಿ. ಎಲ್ಲಿಗೇ ಹೋದರೂ ಹೇಳಿದ ಸಮಯಕ್ಕೆ ಒಂದು ಗಂಟೆ ಮುಂಚೆ ವಾಪಸ್ ಬನ್ನಿ. ಹಡಗಿನ ಗಡಿಯಾರ ದಡದ ಗಡಿಯಾರಕ್ಕಿಂತ ಬೇರೆ ಇರಬಹುದು, ಲೆಕ್ಕಕ್ಕೆ ಬರುವುದು ಹಡಗಿನದು.

ಕೊನೆಯ ರಾತ್ರಿ

ದೊಡ್ಡ ಬ್ಯಾಗುಗಳನ್ನು ರಾತ್ರಿಯೇ ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಬೆಳಿಗ್ಗೆ ಉಡುವ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಅದರೊಳಗೆ ಸೇರಿಹೋಗದಂತೆ ನೋಡಿಕೊಳ್ಳಿ. ಮಲಗುವ ಮುಂಚೆ ಬಿಲ್ಲಿನ ಪ್ರತಿ ತೆಗೆಸಿ ಒಂದೊಂದೇ ಸಾಲು ಓದಿ. ನೀವು ಮುಟ್ಟದ ಮಿನಿಬಾರ್, ಮಾಡಿಸದ ಫೋಟೊ ಅದರಲ್ಲಿದ್ದರೆ ಅವತ್ತು ರಾತ್ರಿಯೇ ರಿಸೆಪ್ಷನ್‌ಗೆ ಹೋಗಿ ತೆಗೆಸಿ, ಬೆಳಿಗ್ಗೆ ಅಲ್ಲಿ ಉದ್ದ ಸಾಲು. ಬುಕಿಂಗ್ ಪತ್ರ, ಬಿಲ್, ಟಿಸಿಎಸ್ ರಸೀದಿ ಒಂದು ಕವರಿನಲ್ಲಿ ಹಾಕಿ ಕೈಚೀಲದಲ್ಲಿಡಿ, ಊರಿಗೆ ಬಂದ ಮೇಲೆ ಆಡಿಟರ್ ಕೇಳುವುದು ಅದನ್ನೇ.